ತೊಗರಿ ರೊಕ್ಕ, ಬಿದ್ದ ಷೇರು, ಟ್ರಂಕಿನ ಕಾಗದ

ಹಣಕಾಸು ಪ್ರಶ್ನೋತ್ತರ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಏಳನ್ನು ಈ ಸಲ ಆರಿಸಿಕೊಂಡಿದ್ದೇವೆ. ಕೇಳಿದವರ ಹೆಸರು ಹಾಕಿಲ್ಲ. ಊರು, ಕಸುಬು ಮಾತ್ರ ಇದೆ.

ಷೇರು ಪೇಟೆ ಇನ್ನೂ ಎಷ್ಟು ಬೀಳಬಹುದು? ತಳ ಮುಟ್ಟಿದ ಮೇಲೆ ಹಾಕೋಣ ಎಂದು ₹3 ಲಕ್ಷ ಉಳಿತಾಯ ಖಾತೆಯಲ್ಲೇ ಇಟ್ಟುಕೊಂಡು ಕಾಯುತ್ತಿದ್ದೇನೆ.
— ಔಷಧ ಅಂಗಡಿ ಮಾಲೀಕರು, ಹುಮನಾಬಾದ್

ತಳ ಯಾವುದಿತ್ತು ಎಂಬುದು ಅದನ್ನು ದಾಟಿ ಎಷ್ಟೋ ತಿಂಗಳಾದ ಮೇಲೆ ತಿಳಿಯುತ್ತದೆ. ಸೆನ್ಸೆಕ್ಸ್ 2008ರ ಜನವರಿಯಲ್ಲಿ 21,206 ಮುಟ್ಟಿ, 2009ರ ಮಾರ್ಚ್‌ನಲ್ಲಿ 8,160ಕ್ಕೆ ಬಂತು. ಶೇ 61ರಷ್ಟು ಇಳಿತ. ಮತ್ತೆ 21,000 ಕಂಡಿದ್ದು 2010ರ ನವೆಂಬರ್‌ನಲ್ಲಿ. 2020ರಲ್ಲಿ 42,273ರಿಂದ 25,638ಕ್ಕೆ ಇಳಿಯಲು ಎರಡೇ ತಿಂಗಳು ಹಿಡಿಯಿತು, ಅದೇ ವರ್ಷದ ನವೆಂಬರ್‌ಗೆ ಪೂರ್ತಿ ವಾಪಸು ಬಂತು. ಒಂದರಲ್ಲಿ ಸುಮಾರು ಮೂರು ವರ್ಷ, ಇನ್ನೊಂದರಲ್ಲಿ ಹತ್ತು ತಿಂಗಳು. ಎರಡರಿಂದ ಒಂದು ಲೆಕ್ಕ ಕಟ್ಟಿ ಮೂರನೆಯದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಅವರ ಮಾತು ಕೇಳಬೇಡಿ.

ನಿಮ್ಮ ₹3 ಲಕ್ಷ ಐದು ವರ್ಷದೊಳಗೆ ಬೇಕಾಗುವ ಹಣವಾದರೆ ತಳದಲ್ಲೂ ಷೇರಿಗೆ ಹಾಕಬಾರದು. ಏಳೆಂಟು ವರ್ಷ ಬೇಡದ ಹಣವಾದರೆ ಆರು ಕಂತು ಮಾಡಿ, ತಿಂಗಳಿಗೆ ₹50,000ದಂತೆ, ತಾರೀಖು ಮೊದಲೇ ಬರೆದಿಟ್ಟುಕೊಂಡು ಹಾಕಿ. ಪೇಟೆ ಬಿದ್ದ ದಿನವೇ ಕೊಳ್ಳುವ ಹಟ ಇದ್ದವರಿಗೆ ಒಂದು ಸೂಕ್ಷ್ಮ ಹೇಳಬೇಕು: ಷೇರಿನ ಮ್ಯೂಚುವಲ್ ಫಂಡ್‌ನಲ್ಲಿ ಮಧ್ಯಾಹ್ನ 3 ಗಂಟೆಯೊಳಗೆ ಅರ್ಜಿ ಕೊಟ್ಟರೆ ಸಾಲದು, ಹಣವೂ ಅಷ್ಟರೊಳಗೆ ಫಂಡ್‌ನ ಖಾತೆ ತಲುಪಬೇಕು. 2.45ಕ್ಕೆ ಒತ್ತಿದ ಹಣ ತಡವಾಗಿ ತಲುಪಿದರೆ ನಿಮಗೆ ಸಿಗುವುದು ಮರುದಿನದ ಎನ್‌ಎವಿ, ಅಂದರೆ ಫಂಡ್‌ನ ಒಂದು ಯುನಿಟ್‌ನ ಬೆಲೆ. ಅಷ್ಟರಲ್ಲಿ ಪೇಟೆ ಏರಿರಲೂಬಹುದು.

2024ರ ಸೆಪ್ಟೆಂಬರ್‌ನಲ್ಲಿ ಮೂರು ಫಂಡ್‌ಗಳಲ್ಲಿ ತಲಾ ₹2,000ದ ಸಿಪ್ (ತಿಂಗಳ ಕಂತು) ಆರಂಭಿಸಿದೆ. ಒಂದು ಫ್ಲೆಕ್ಸಿ ಕ್ಯಾಪ್ (ದೊಡ್ಡ, ಸಣ್ಣ ಎಲ್ಲ ಕಂಪನಿಗಳದ್ದು), ಎರಡು ಸ್ಮಾಲ್‌ಕ್ಯಾಪ್ (ಸಣ್ಣ ಕಂಪನಿಗಳದ್ದು). ಆ್ಯಪ್ ತೆರೆದರೆ ಬರೀ ಕೆಂಪು. ಮಗಳ ಎಂಜಿನಿಯರಿಂಗ್ ಫೀಸಿಗೆ ಎರಡು ವರ್ಷದಲ್ಲಿ ಹಣ ಬೇಕು. ನಿಲ್ಲಿಸಲೇ?
— ಶಾಲಾ ಶಿಕ್ಷಕಿ, ಭಾಲ್ಕಿ

ಮೇಡಂ, ಇಲ್ಲಿ ಎರಡು ಪ್ರಶ್ನೆ ಒಂದಕ್ಕೊಂದು ಸಿಕ್ಕಿಕೊಂಡಿವೆ. ಬಿಡಿಸಿ ನೋಡೋಣ.

ನೀವು ಶುರು ಮಾಡಿದ್ದು ನಿಫ್ಟಿ 26,277ರ ದಾಖಲೆ ಮುಟ್ಟಿದ ತಿಂಗಳಲ್ಲಿ. ಮೊದಲ ಕಂತುಗಳು ತುಟ್ಟಿ ಬೆಲೆಗೆ ಬಿದ್ದಿವೆ, ಅದು ನಿಮ್ಮ ತಪ್ಪಲ್ಲ. ಇಳಿತದಲ್ಲಿ ಸಿಪ್ ಹೇಗೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಒಂದು ಫಂಡ್‌ನ ಐದು ಕಂತುಗಳನ್ನು ಬಿಡಿಸಿ ಬರೆಯುತ್ತೇವೆ. ಎನ್‌ಎವಿ ₹50 ಇದ್ದಾಗ ₹2,000ಕ್ಕೆ 40 ಯುನಿಟ್. ₹40ಕ್ಕೆ ಇಳಿದಾಗ 50 ಯುನಿಟ್. ₹32ಕ್ಕೆ ಇಳಿದಾಗ 62.5 ಯುನಿಟ್. ಈ ಹಂತದಲ್ಲಿ ಹಾಕಿದ್ದು ₹6,000, ಇರುವುದು 152.5 ಯುನಿಟ್, ಬೆಲೆ ₹4,880. ಸುಮಾರು ಶೇ 19 ನಷ್ಟ, ಬಹಳ ಮಂದಿ ನಿಲ್ಲಿಸುವುದು ಇಲ್ಲೇ. ನಿಲ್ಲಿಸದವರಿಗೆ ನಾಲ್ಕನೇ ಕಂತು ₹40ರಲ್ಲಿ ಬಿತ್ತು ಎನ್ನಿ: 202.5 ಯುನಿಟ್, ಬೆಲೆ ₹8,100, ಹಾಕಿದ್ದು ₹8,000. ಎನ್‌ಎವಿ ಇನ್ನೂ ಶುರುವಿಗಿಂತ ಶೇ 20 ಕೆಳಗಿದೆ, ನಷ್ಟ ಮಾತ್ರ ತುಂಬಿಹೋಗಿದೆ. ಐದನೆಯದು ₹50ರಲ್ಲಿ: 242.5 ಯುನಿಟ್, ಹಾಕಿದ ₹10,000ಕ್ಕೆ ₹12,125. ಇದರಲ್ಲಿ ಮಂತ್ರ ಏನಿಲ್ಲ. ಎನ್‌ಎವಿ ₹32ರಲ್ಲೇ ವರ್ಷಗಟ್ಟಲೆ ಕೂತರೆ ಈ ಲೆಕ್ಕ ನಡೆಯುವುದಿಲ್ಲ, ಅದಕ್ಕೇ ಸಮಯ ಕೈಯಲ್ಲಿರಬೇಕು ಎನ್ನುವುದು.

ಮಗಳ ಫೀಸಿಗೆ ಆ ಸಮಯ ಇಲ್ಲ. ಜೊತೆಗೆ ಮೂರರಲ್ಲಿ ಎರಡು ಸ್ಮಾಲ್‌ಕ್ಯಾಪ್ ಅಂದರೆ ಬೆಂಕಿಯ ಪಕ್ಕ ಹುಲ್ಲು. ಮಾರುಕಟ್ಟೆ ಮೌಲ್ಯದಲ್ಲಿ 251ನೇ ಸ್ಥಾನದಿಂದ ಕೆಳಗಿನ ಕಂಪನಿಗಳಲ್ಲಿ ಕನಿಷ್ಠ ಶೇ 65ರಷ್ಟು ಹಣ ಇಡಲೇಬೇಕು ಎಂಬುದು ಈ ಫಂಡ್‌ಗಳ ನಿಯಮ. 2018ರ ಜನವರಿಯಿಂದ 2020ರ ಮಾರ್ಚ್‌ವರೆಗೆ ಸ್ಮಾಲ್‌ಕ್ಯಾಪ್ ಸೂಚ್ಯಂಕ ಅರ್ಧಕ್ಕೂ ಹೆಚ್ಚು ಇಳಿದಿತ್ತು. ಅದೂ ಎರಡು ವರ್ಷ, ನಿಮ್ಮ ಮಗಳ ಪಿಯುಸಿಯಷ್ಟೇ ಅವಧಿ.

ಹೀಗೆ ಮಾಡಿ. ಎರಡು ಸ್ಮಾಲ್‌ಕ್ಯಾಪ್ ಸಿಪ್‌ಗಳನ್ನು ನಿಲ್ಲಿಸಿ, ಆ ₹4,000ವನ್ನು ಅಂಚೆ ಕಚೇರಿ ಇಲ್ಲವೇ ಬ್ಯಾಂಕಿನ ಆರ್‌ಡಿಗೆ ತಿರುಗಿಸಿ. ಫ್ಲೆಕ್ಸಿ ಕ್ಯಾಪ್ ಸಿಪ್ ನಡೆಯಲಿ, ಅದಕ್ಕೆ ಫೀಸಿನ ನಂಟು ಬೇಡ, ನಿಮ್ಮ ನಿವೃತ್ತಿಯ ಹೆಸರು ಬರೆಯಿರಿ. ಈಗಾಗಲೇ ಸೇರಿರುವ ಸ್ಮಾಲ್‌ಕ್ಯಾಪ್ ಯುನಿಟ್‌ಗಳನ್ನು ಮೂರು ತಿಂಗಳಿಗೊಮ್ಮೆ ಕಾಲುಭಾಗದಂತೆ ಬಿಡಿಸಿಕೊಳ್ಳಿ. ಬಿಡಿಸುವಾಗ ಹಳೆಯ ಯುನಿಟ್ ಮೊದಲು ಹೋಗುತ್ತದೆ. ಸಿಪ್‌ನ ಪ್ರತಿ ಕಂತಿಗೂ ವರ್ಷದ ಲೆಕ್ಕ ಬೇರೆ ಬೇರೆ, ಒಂದು ವರ್ಷ ತುಂಬದ ಕಂತಿಗೆ ಸಾಮಾನ್ಯವಾಗಿ ಶೇ 1 ಎಕ್ಸಿಟ್ ಲೋಡ್ (ಬೇಗ ಬಿಡಿಸಿದ್ದಕ್ಕೆ ಕಡಿತ) ಬೀಳುತ್ತದೆ. ನಿಲ್ಲಿಸುವ ಅರ್ಜಿಯನ್ನು ಕಂತಿನ ತಾರೀಖಿಗೆ ಒಂದು ವಾರ ಮೊದಲೇ ಕೊಡಿ. ಖಾತೆ ಖಾಲಿ ಬಿಟ್ಟು ಸಿಪ್ ತಾನಾಗಿ ಸಾಯಲಿ ಎಂದು ಕೂತರೆ ಪ್ರತಿ ಬೌನ್ಸಿಗೂ ಬ್ಯಾಂಕು ದಂಡ ಕೀಳುತ್ತದೆ. ಮತ್ತೊಂದು: ಶುರುವಾಗಿ ವರ್ಷ ಆಗದ ಸಿಪ್‌ಗೆ ಆ್ಯಪ್ ತೋರಿಸುವ ಎಕ್ಸ್‌ಐಆರ್‌ಆರ್ (ವಾರ್ಷಿಕ ಗಳಿಕೆ ದರ) ಅಂಕಿ ನೋಡಲೇಬೇಡಿ. ಆರು ಕಂತಿನಲ್ಲಿ ಒಟ್ಟು ಶೇ 5 ನಷ್ಟ ಇದ್ದರೆ ಅದು ವರ್ಷದ ದರಕ್ಕೆ ಹಿಗ್ಗಿಸಿ ಶೇ 16ರ ಆಸುಪಾಸು ತೋರಿಸುತ್ತದೆ.

ನಮ್ಮದು ಹನ್ನೆರಡು ಎಕರೆ ಹೊಲ ಅದರಿ. ಈ ಸಲ ತೊಗರಿ ಮಾರಿದ ಮ್ಯಾಲ ಕೈಯಾಗ ₹6 ಲಕ್ಷ ಬಂದಾದ. ಮಾರ್ಕೆಟ್ ಭಾಳ ಬಿದ್ದಾದ, ಎಲ್ಲಾ ರೊಕ್ಕ ಒಮ್ಮೇಲೆ ಫಂಡಿಗೆ ಹಾಕು ಅಂತ ಗೆಳ್ಯಾ ಹೇಳಲಕತ್ಯಾನ. ತಿಂಗಳಾ ತಿಂಗಳಾ ಕಟ್ಟಲಿಕ್ಕೆ ನಮಗೇನು ಪಗಾರ ಬರ್ತದೇನ್ರಿ? ಹ್ಯಾಂಗ ಮಾಡಬೇಕು?
— ರೈತರು, ಆಳಂದ ತಾಲ್ಲೂಕು

ಗೆಳೆಯರಿಗೆ ಬೇಜಾರಾಗದಂತೆ ಇಲ್ಲ ಅನ್ನಿ. ₹6 ಲಕ್ಷ ನಿಮ್ಮ ಲಾಭ ಅಲ್ಲ, ಒಂದು ವರ್ಷದ ಬದುಕು. ಮೊದಲು ಒಂದು ಹಾಳೆ ತೆಗೆದುಕೊಂಡು ಅಡತ್ ಅಂಗಡಿಯ ಲೆಕ್ಕ ಬರೆದಂತೆ ಬರೆಯಿರಿ. ಬೆಳೆಸಾಲ ತೀರಿಸಲು ₹1.5 ಲಕ್ಷ. ಬರುವ ಮುಂಗಾರಿಗೆ ಬೀಜ, ಗೊಬ್ಬರ, ಕಳೆ, ಔಷಧ ಹೊಡೆಯುವ ಕೂಲಿ, ರಾಶಿಯವರೆಗೆ ₹1.5 ಲಕ್ಷ. ಮನೆ ಖರ್ಚು ಮುಂದಿನ ಜನವರಿವರೆಗೆ ₹1.5 ಲಕ್ಷ. ನಿಮ್ಮ ಅಂಕಿ ಬೇರೆ ಇದ್ದೀತು, ಕ್ರಮ ಇದೇ ಇರಲಿ. ಬೆಳೆಸಾಲದ ಬಡ್ಡಿ ರಿಯಾಯಿತಿ ಸಿಗುವುದು ಗಡುವಿನೊಳಗೆ ತೀರಿಸಿದವರಿಗೆ. ಗಡುವು ದಾಟಿಸಿ ಆ ಹಣವನ್ನು ಫಂಡಿಗೆ ಹಾಕಿದರೆ ಅಲ್ಲಿ ಬಂದದ್ದು ಇಲ್ಲಿ ಹೋಗುತ್ತದೆ.

ಉಳಿದದ್ದು ₹1.5 ಲಕ್ಷ. ಅದೂ ಪೂರ್ತಿ ಷೇರಿಗೆ ಅಲ್ಲ. 2022ರಲ್ಲಿ ನೆಟೆರೋಗ, 2023ರಲ್ಲಿ ಬರ, 2025ರಲ್ಲಿ ಅತಿವೃಷ್ಟಿ ಮತ್ತು ಭೀಮೆಯ ಪ್ರವಾಹ, ಹೀಗೆ ನಾಲ್ಕು ವರ್ಷದಲ್ಲಿ ಮೂರು ಪೆಟ್ಟು ಈ ಭಾಗ ತಿಂದಿದೆ. ಪಗಾರದಾರರಿಗೆ ಆರು ತಿಂಗಳ ಖರ್ಚು ತೆಗೆದಿಡಿ ಎನ್ನುತ್ತಾರೆ, ಒಣಬೇಸಾಯದವರಿಗೆ ಒಂದು ಬಿತ್ತನೆಯ ಖರ್ಚು ಬೇರೆಯಾಗಿ ಇರಲೇಬೇಕು. ಹಾಗಾಗಿ ₹78,000 ಬ್ಯಾಂಕ್ ಎಫ್‌ಡಿಗೆ. ಬಾಕಿ ₹72,000ವನ್ನು ಒಂದು ಲಿಕ್ವಿಡ್ ಫಂಡ್‌ಗೆ (ಷೇರಿಗಲ್ಲ, ಅಲ್ಪಾವಧಿ ಸಾಲಪತ್ರಗಳಿಗೆ ಹಣ ಹಾಕುವ ಫಂಡ್) ಹಾಕಿ, ಅಲ್ಲಿಂದ ತಿಂಗಳಿಗೆ ₹6,000ದಂತೆ 12 ತಿಂಗಳು ಅದೇ ಕಂಪನಿಯ ನಿಫ್ಟಿ ಇಂಡೆಕ್ಸ್ ಫಂಡ್‌ಗೆ ಹೋಗುವಂತೆ ಎಸ್‌ಟಿಪಿ ಬರೆದುಕೊಡಿ. ಪಗಾರ ಇಲ್ಲದವರ ಸಿಪ್ ಇದೇ. ವರ್ಷಕ್ಕೊಮ್ಮೆ ಗಂಜಿನಿಂದ (ಧಾನ್ಯದ ಪೇಟೆಯಿಂದ) ರೊಕ್ಕ ಬಂದಾಗ ಲಿಕ್ವಿಡ್ ಫಂಡ್ ತುಂಬಿಸುವುದು, ತಿಂಗಳಿಗೊಮ್ಮೆ ಅದು ತಾನೇ ಹೊಲಕ್ಕೆ ನೀರು ಬಿಟ್ಟಂತೆ ಹರಿಯುವುದು.

ನಡುವೆ ಗಂಡಾಂತರ ಬಂದರೆ ಲಿಕ್ವಿಡ್ ಫಂಡಿನ ಹಣ ಸಾಮಾನ್ಯವಾಗಿ ಮರು ಕೆಲಸದ ದಿನ ಖಾತೆಗೆ ಬರುತ್ತದೆ. ಹಾಕಿದ ಏಳನೇ ದಿನದಿಂದ ಎಕ್ಸಿಟ್ ಲೋಡ್ ಇಲ್ಲ. ಎಸ್‌ಟಿಪಿಯ ಪ್ರತಿ ವರ್ಗಾವಣೆಯೂ ಲಿಕ್ವಿಡ್ ಫಂಡ್ ಮಾರಿದ ಲೆಕ್ಕ, ಅದರ ಸಣ್ಣ ಲಾಭವನ್ನು ತೆರಿಗೆ ವಿವರದಲ್ಲಿ ತೋರಿಸಬೇಕು.

ಎಡವುವುದು ಬೇರೆ ಕಡೆ. ಪ್ಯಾನ್‌ನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಅಪ್ಪನ ಹೆಸರು ಸೇರಿ ಇನ್ನೊಂದು, ಪಾಸ್‌ಬುಕ್ಕಿನಲ್ಲಿ ಮನೆತನದ ಹೆಸರು ಸೇರಿ ಮತ್ತೊಂದು. ಕೆವೈಸಿ ಹೋಲ್ಡ್ ಆಗಿ ಹಣ ವಾರಗಟ್ಟಲೆ ಅಡ್ಡಾಡುತ್ತದೆ. ರೊಕ್ಕ ಕಳಿಸುವ ಮೊದಲು ಮೂರೂ ಒಂದೇ ಮಾಡಿಸಿ, ಕೆವೈಸಿ ಸ್ಥಿತಿ ನೋಡಿಕೊಳ್ಳಿ. ಬಂಗಾರ ಒತ್ತೆ ಇಟ್ಟು ಬಿದ್ದ ಪೇಟೆಯಲ್ಲಿ ಕೊಳ್ಳುವ ಯೋಚನೆ ಗೆಳೆಯರಿಂದ ಮುಂದೆ ಬಂದೀತು. ಅದಕ್ಕೂ ಇಲ್ಲವೆನ್ನಿ.

ಒಂದು ಕಂಪನಿಯ 100 ಷೇರು ₹640ಕ್ಕೆ ತಗೊಂಡಿದ್ದೆ. ಈಗ ₹410. ಇನ್ನೂ 100 ತಗೊಂಡು ಸರಾಸರಿ ಇಳಿಸಲೇ?
— ದಾಲ್ ಮಿಲ್ ವ್ಯಾಪಾರಿ, ಕಲಬುರಗಿ

ಸರಾಸರಿ ₹525 ಆಗುತ್ತದೆ, ಗಂಟು ವಾಪಸು ಬರಲು ಶೇ 56ರ ಬದಲು ಶೇ 28 ಏರಿದರೆ ಸಾಕಾಗುತ್ತದೆ. ಕೇಳಲು ಚೆಂದ. ಆದರೆ ಒಂದೇ ಕಂಪನಿಯ ಮೇಲೆ ಹೂಡಿದ ಹಣ ₹64,000 ಇದ್ದದ್ದು ₹1,05,000 ಆಯಿತು ಎಂಬ ಸಾಲನ್ನು ಆ ಲೆಕ್ಕದಲ್ಲಿ ಯಾರೂ ಬರೆಯುವುದಿಲ್ಲ.

ನಿಮ್ಮ ಧಂದೆಯ ಮಾತಿನಲ್ಲೇ ಹೇಳುವುದಾದರೆ, ಗಂಜಿನಲ್ಲಿ ದರ ಇಳಿದರೆ ಗೋದಾಮಿನ ತೊಗರಿ ಕೆಡುವುದಿಲ್ಲ, ಕಾದರೆ ಆಯಿತು. ಚೀಲಕ್ಕೆ ನುಸಿ ಹತ್ತಿದ್ದರೆ ಕಾದಷ್ಟೂ ಪುಡಿ. ಇಲ್ಲಿ ಯಾವುದು ಎಂದು ಚೀಲ ಬಿಚ್ಚಿ ನೋಡಬೇಕು. ಬಿಎಸ್‌ಇ ಅಥವಾ ಎನ್‌ಎಸ್‌ಇ ವೆಬ್‌ಸೈಟಿನಲ್ಲಿ ಕಂಪನಿಯ ಪುಟ ತೆರೆಯಿರಿ. ಷೇರುದಾರರ ಪಟ್ಟಿ ಮೂರು ತಿಂಗಳಿಗೊಮ್ಮೆ ಬರುತ್ತದೆ, ಅದರಲ್ಲಿ ಪ್ರವರ್ತಕರು ತಮ್ಮ ಷೇರು ಒತ್ತೆ ಇಟ್ಟಿರುವ ಪ್ರಮಾಣ ಏರುತ್ತಿದೆಯೇ ನೋಡಿ. ವಾರ್ಷಿಕ ವರದಿಯಲ್ಲಿ ಲಾಭದ ಪಕ್ಕದಲ್ಲೇ ವ್ಯವಹಾರದಿಂದ ಬಂದ ನಗದು ಎಷ್ಟು ಎಂದು ನೋಡಿ. ಮೂರು ವರ್ಷ ಲಾಭ ತೋರಿಸಿ ನಗದು ಬಾರದಿದ್ದರೆ ಮಾಲು ಉದ್ರಿ ಹೋಗಿದೆ, ವಸೂಲಾಗಿಲ್ಲ ಎಂದರ್ಥ. ಇದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಲೆಕ್ಕಪರಿಶೋಧಕರು ಅವಧಿ ಮುಗಿಯುವ ಮೊದಲೇ ರಾಜೀನಾಮೆ ಕೊಟ್ಟಿದ್ದರೆ ಮುಂದೆ ಓದುವ ಅಗತ್ಯವೇ ಇಲ್ಲ.

ಇವೆಲ್ಲ ಸರಿಯಿದ್ದು ಇಡೀ ಪೇಟೆಯ ಜೊತೆ ಬಿದ್ದಿದ್ದರೆ, ಆ ಒಂದು ಷೇರು ನಿಮ್ಮ ಒಟ್ಟು ಹೂಡಿಕೆಯ ಶೇ 10 ದಾಟದಂತೆ ಸ್ವಲ್ಪ ಸ್ವಲ್ಪ ಕೊಳ್ಳಬಹುದು. ಬ್ರೋಕರ್ ಕೊಡುವ ಮಾರ್ಜಿನ್ ಸಾಲದಲ್ಲಿ ಮಾತ್ರ ಬೇಡ. ಬೆಲೆ ಇನ್ನಷ್ಟು ಇಳಿದು ಮಾರ್ಜಿನ್ ತುಂಬದೇ ಹೋದರೆ ಅವರು ನಿಮ್ಮನ್ನು ಕಾಯದೆ ಮಾರುತ್ತಾರೆ, ಅದೂ ಅತಿ ಕೆಟ್ಟ ಬೆಲೆಯ ದಿನ. ಕೆಟ್ಟಿದ್ದರೆ ನಷ್ಟದಲ್ಲೇ ಮಾರಿ. ಕೊಂಡು ವರ್ಷ ತುಂಬಿರದಿದ್ದರೆ ಆ ಅಲ್ಪಾವಧಿ ನಷ್ಟವನ್ನು ಬೇರೆ ಷೇರಿನ ಎರಡೂ ಬಗೆಯ ಲಾಭದ ಎದುರು ಕಳೆಯಬಹುದು. ವರ್ಷ ದಾಟಿದ್ದರೆ ದೀರ್ಘಾವಧಿ ಲಾಭದ ಎದುರು ಮಾತ್ರ. ಉಳಿದದ್ದನ್ನು 8 ವರ್ಷ ಮುಂದಕ್ಕೆ ಒಯ್ಯಲು ಅವಕಾಶ ಇದೆ, ಐಟಿ ರಿಟರ್ನ್ ಗಡುವಿನೊಳಗೆ ಸಲ್ಲಿಸಿದ್ದರೆ.

ಸಿಮೆಂಟ್ ಕಾರ್ಖಾನೆಯಿಂದ 58ಕ್ಕೆ ನಿವೃತ್ತಿ. ಪಿಎಫ್, ಗ್ರಾಚ್ಯುಟಿ ಸೇರಿ ₹26 ಲಕ್ಷ ಬಂದಿದೆ. ಪಿಂಚಣಿ ₹3,200. ಖರ್ಚಿಗೆ ತಿಂಗಳಿಗೆ ₹15,000 ಬೇಕು. ಫಂಡಿನಲ್ಲಿ ₹10 ಲಕ್ಷ ಇಟ್ಟರೆ ತಿಂಗಳಿಗೆ ₹8,000 ಎಸ್‌ಡಬ್ಲ್ಯುಪಿಯಲ್ಲಿ ಬರುತ್ತದೆ, ಅಸಲು ಹಾಗೇ ಇರುತ್ತದೆ ಎನ್ನುತ್ತಾರೆ.
— ನಿವೃತ್ತರು, ಸೇಡಂ

‘ಅಸಲು ಹಾಗೇ ಇರುತ್ತದೆ’ ಎಂಬುದನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ ನೋಡಿ, ಕೊಡುವುದಿಲ್ಲ. ಎಸ್‌ಡಬ್ಲ್ಯುಪಿ ಅಂದರೆ ತಿಂಗಳಿಗೊಮ್ಮೆ ನಿಮ್ಮ ಯುನಿಟ್‌ಗಳನ್ನೇ ಮಾರಿ ಹಣ ಕೊಡುವುದು. ತಿಂಗಳಿಗೆ ₹8,000 ಅಂದರೆ ವರ್ಷಕ್ಕೆ ₹96,000, ಶೇ 9.6. ಮೊದಲ ವರ್ಷವೇ ಪೇಟೆ ಶೇ 25 ಬಿತ್ತು ಎನ್ನಿ. ಹತ್ತು ಲಕ್ಷದಲ್ಲಿ ತೆಗೆದದ್ದು ಹೋಗಿ ₹9.04 ಲಕ್ಷ, ಇಳಿತ ಹೋಗಿ ಹೆಚ್ಚುಕಡಿಮೆ ₹6.78 ಲಕ್ಷ. ಮರುವರ್ಷ ಅದೇ ₹96,000 ತೆಗೆದರೆ ಅದು ಉಳಿದ ಗಂಟಿನ ಶೇ 14. ಆಮೇಲೆ ಪೇಟೆ ಚೇತರಿಸಿದರೂ ಮಾರಿಹೋದ ಯುನಿಟ್ ಮರಳಿ ಬರುವುದಿಲ್ಲ. ಸಿಪ್‌ಗೆ ಇಳಿತ ಸಹಾಯ ಮಾಡುತ್ತದೆ, ಎಸ್‌ಡಬ್ಲ್ಯುಪಿಗೆ ಅದೇ ಇಳಿತ ಕೊಡಲಿಯೇಟು.

ನಿಮ್ಮ ಊಟದ ಹಣ ಷೇರಿನಿಂದ ಬರಬಾರದು. ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ 60 ತುಂಬಬೇಕು ಎಂದು ಬಹಳ ಮಂದಿ ಸುಮ್ಮನಾಗುತ್ತಾರೆ. 55ರಿಂದ 60ರ ನಡುವೆ ನಿವೃತ್ತರಾದವರೂ ಸೇರಬಹುದು. ಷರತ್ತು ಎರಡು: ನಿವೃತ್ತಿಯ ಹಣ ಕೈಸೇರಿದ ಮೂರು ತಿಂಗಳೊಳಗೆ ಇಡಬೇಕು, ಬಂದ ನಿವೃತ್ತಿ ಹಣಕ್ಕಿಂತ ಹೆಚ್ಚು ಇಡುವಂತಿಲ್ಲ. ಕಾರ್ಖಾನೆಯಿಂದ ನಿವೃತ್ತಿಯ ತಾರೀಖು, ಹಣದ ವಿವರ ಇರುವ ಪತ್ರ ಈಗಲೇ ಬರೆಸಿಕೊಳ್ಳಿ. ಅಂಚೆ ಕಚೇರಿಯಲ್ಲಿ ಅದಿಲ್ಲದೆ ವಾಪಸು ಕಳಿಸುತ್ತಾರೆ. ಶೇ 8.2ರ ದರದಲ್ಲಿ ₹18 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ ₹36,900, ಅಂದರೆ ತಿಂಗಳಿಗೆ ₹12,300. ಪಿಂಚಣಿ ಸೇರಿ ₹15,500. ಖಾತೆ ತೆರೆದ ದಿನದ ದರವೇ ಐದು ವರ್ಷ ನಡೆಯುತ್ತದೆ.

₹3 ಲಕ್ಷ ಆಸ್ಪತ್ರೆ, ಮನೆ ರಿಪೇರಿಗೆಂದು ಎಫ್‌ಡಿಯಲ್ಲಿರಲಿ. ಉಳಿದ ₹5 ಲಕ್ಷ ಮಾತ್ರ ಷೇರು ಫಂಡಿಗೆ, ಅದೂ 10 ಕಂತಿನಲ್ಲಿ. ಏಳು ವರ್ಷ ಮುಟ್ಟಬೇಡಿ. ಮುಂದೆ ಬೆಲೆ ಏರಿದಂತೆ ಖರ್ಚೂ ಏರುತ್ತದೆ, ಅದನ್ನು ಭರಿಸುವ ಪಾಲು ಇದು. ಸಹಿ ಹಾಕುವ ಕಾಗದದಲ್ಲಿ ‘ಪಾಲಿಸಿ’ ಎಂಬ ಪದ ಕಂಡರೆ ಅದು ಫಂಡ್ ಅಲ್ಲ, ವಿಮೆ. ಸಹಿ ಆಗಿಹೋಗಿದ್ದರೆ ಪಾಲಿಸಿ ಕೈಗೆ ಬಂದ 30 ದಿನದೊಳಗೆ ಹಿಂದಿರುಗಿಸಬಹುದು.

ಟೆಲಿಗ್ರಾಂ ಗುಂಪಿನವರು ಕೊಟ್ಟ ಆ್ಯಪ್‌ನಲ್ಲಿ ₹80,000 ಹಾಕಿದೆ. ಈಗ ₹3.4 ಲಕ್ಷ ತೋರಿಸುತ್ತಿದೆ. ತೆಗೆಯಲು ಮೊದಲು ಶೇ 15 ತೆರಿಗೆ ಕಟ್ಟಿ ಎನ್ನುತ್ತಿದ್ದಾರೆ.
— ಪದವಿ ವಿದ್ಯಾರ್ಥಿ, ಯಾದಗಿರಿ

ಕಟ್ಟಬೇಡಿ. ಆ ₹3.4 ಲಕ್ಷ ಪರದೆಯ ಮೇಲಿನ ಅಂಕಿ, ಅಷ್ಟೇ. ನಿಮಗೆ ಸೇರಿದ ಹಣ ಬಿಡಿಸಿಕೊಳ್ಳಲು ಯಾವ ಬ್ರೋಕರೂ ಮೊದಲು ತೆರಿಗೆ ಕಟ್ಟಿಸಿಕೊಳ್ಳುವುದಿಲ್ಲ. ಆ ತೆರಿಗೆಯನ್ನು ನೀವೇ ಆದಾಯ ತೆರಿಗೆ ಇಲಾಖೆಗೆ ಕಟ್ಟುವುದು. ನಿಜವಾಗಿ ಷೇರು ಕೊಂಡಿದ್ದರೆ ಅದು ಷೇರುಗಳನ್ನು ವಿದ್ಯುನ್ಮಾನ ರೂಪದಲ್ಲಿ ಕಾಯ್ದಿಡುವ ಸಂಸ್ಥೆಗಳಾದ ಸಿಡಿಎಸ್‌ಎಲ್ ಅಥವಾ ಎನ್‌ಎಸ್‌ಡಿಎಲ್‌ನ ಡಿಮ್ಯಾಟ್ ಖಾತೆಯಲ್ಲಿ ಇರಬೇಕು, ಅಲ್ಲಿಂದ ನಿಮಗೆ ವಿವರ ಬರಬೇಕು. ಬಂದಿದೆಯೇ?

ಇದನ್ನು ಓದಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಕಳಿಸಿದ ಯುಟಿಆರ್ ಸಂಖ್ಯೆ (ವರ್ಗಾವಣೆಯ ಗುರುತಿನ ಸಂಖ್ಯೆ), ತಾರೀಖು, ಸಮಯ, ಯಾವ ಖಾತೆಗೆ ಅಥವಾ ಯುಪಿಐ ಐಡಿಗೆ ಹೋಯಿತು ಎಂಬುದು ಕೈಯಲ್ಲಿರಲಿ. ಹಣ ಮುಂದಿನ ಖಾತೆಗೆ ಜಿಗಿಯುವ ಮೊದಲು ತಡೆಹಿಡಿಯಲು ಅವೇ ಆಧಾರ. ಆಮೇಲೆ ಜಿಲ್ಲೆಯ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಠಾಣೆಗೆ ಹೋಗಿ. ಸಿಟ್ಟಿನಲ್ಲಿ ಗುಂಪು ಬಿಟ್ಟು ಬರಬೇಡಿ, ಚಾಟ್ ಅಳಿಸಬೇಡಿ, ಅವು ಸಾಕ್ಷಿ.

ಗುಂಪಿನಲ್ಲಿ ಆಪ್ಷನ್ ಟ್ರೇಡಿಂಗ್ ಕಲಿಸುತ್ತಿದ್ದರು ಎಂದೂ ಬರೆದಿದ್ದೀರಿ. ಷೇರು ಪೇಟೆಯ ನಿಯಂತ್ರಕ ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್–ಆಪ್ಷನ್ಸ್ ಆಡಿದ ವ್ಯಕ್ತಿಗಳಲ್ಲಿ ಶೇ 93 ಮಂದಿಗೆ ನಷ್ಟ, ಒಟ್ಟು ₹1.8 ಲಕ್ಷ ಕೋಟಿಗೂ ಹೆಚ್ಚು. ಅದು ಅಸಲಿ ಪೇಟೆಯ ಲೆಕ್ಕ.

ತೀರಿಹೋದ ಅಪ್ಪನ ಟ್ರಂಕಿನಲ್ಲಿ 1990ರ ದಶಕದ ಕಾಗದದ ಷೇರು ಸಿಕ್ಕಿವೆ. ವಿಳಾಸ ‘ಗುಲ್ಬರ್ಗಾ’ ಎಂದಿದೆ. ಪೇಟೆ ಇನ್ನೂ ಬೀಳುವ ಮೊದಲು ಮಾರಬಹುದೇ?
— ಗೃಹಿಣಿ, ಕಲಬುರಗಿ

ಅವಸರ ಬಿಡಿ ಅಮ್ಮ, ಇದು ತಿಂಗಳುಗಳ ಕೆಲಸ. 2019ರ ಏಪ್ರಿಲ್ 1ರಿಂದ ಕಾಗದದ ಷೇರು ಮಾರಿ ವರ್ಗಾಯಿಸುವಂತಿಲ್ಲ. ಅಪ್ಪನಿಂದ ನಿಮ್ಮ ಹೆಸರಿಗೆ ಬಂದು, ಡಿಮ್ಯಾಟ್ ಆದ ಮೇಲೆಯೇ ಮಾರಾಟ. ಹಾಗಾಗಿ ನಿಮ್ಮ ಹೆಸರಿನಲ್ಲಿ ಡಿಮ್ಯಾಟ್ ಖಾತೆ ಮೊದಲು ತೆರೆಯಿರಿ. ₹4 ಲಕ್ಷದವರೆಗಿನ ಷೇರಿಗೆ ವಾರ್ಷಿಕ ಶುಲ್ಕ ಇಲ್ಲದ ಬಿಎಸ್‌ಡಿಎ (ಮೂಲ ಸೇವೆಯ ಡಿಮ್ಯಾಟ್) ಖಾತೆ ಕೇಳಿ.

ಕಂಪನಿ ಇದೆಯೇ, ಬೇರೆಯದರಲ್ಲಿ ವಿಲೀನವಾಗಿದೆಯೇ, ಅದರ ಷೇರುದಾರರ ದಾಖಲೆ ಇಡುವ ರಿಜಿಸ್ಟ್ರಾರ್ ಯಾರು ಎಂದು ಹುಡುಕಿ, ಫೋಲಿಯೊ ಸಂಖ್ಯೆ, ಸರ್ಟಿಫಿಕೇಟ್ ಸಂಖ್ಯೆ ಬರೆದು ಕೇಳಿ: ಷೇರು ಇನ್ನೂ ಫೋಲಿಯೊದಲ್ಲಿದೆಯೇ, ಬೋನಸ್ ಅಥವಾ ವಿಭಜನೆ ಆಗಿದೆಯೇ? 100 ಎಂದು ಬರೆದಿದ್ದರೂ ಇಂದು ಎಷ್ಟೋ ಪಟ್ಟು ಆಗಿರಬಹುದು. ಸತತ 7 ವರ್ಷ ಲಾಭಾಂಶ ಯಾರೂ ಪಡೆದಿರದಿದ್ದರೆ ಷೇರುಗಳು ಸರ್ಕಾರದ ಐಇಪಿಎಫ್‌ಗೆ (ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿ) ಹೋಗಿರುತ್ತವೆ. ಹೋಗಿದ್ದರೂ ಕಳೆದುಹೋಗಿಲ್ಲ. ವಾರಸುದಾರಿಕೆಯ ದಾಖಲೆ ಮೊದಲು ಕಂಪನಿಗೆ ಕೊಟ್ಟು, ಅವರಿಂದ ಹಕ್ಕಿನ ಪತ್ರ ಪಡೆದು, ಐಇಪಿಎಫ್-5 ಅರ್ಜಿ ಆನ್‌ಲೈನ್‌ನಲ್ಲಿ ಹಾಕಬೇಕು. ಅರ್ಜಿಗೆ ಸರ್ಕಾರದ ಶುಲ್ಕ ಇಲ್ಲ. ಬಂದದ್ದರಲ್ಲಿ ಪಾಲು ಕೇಳುವ ಏಜೆಂಟರು ಫೋನ್ ಮಾಡಿದರೆ ಇದು ನೆನಪಿರಲಿ.

ಫೋಲಿಯೊದಲ್ಲೇ ಇದ್ದರೆ ಐಎಸ್‌ಆರ್-1, ಐಎಸ್‌ಆರ್-2, ಐಎಸ್‌ಆರ್-5 ನಮೂನೆಗಳು, ಮರಣ ಪ್ರಮಾಣಪತ್ರ, ನಿಮ್ಮ ಪ್ಯಾನ್ ಬೇಕು. ಐಎಸ್‌ಆರ್-2ರಲ್ಲಿ ನಿಮ್ಮ ಸಹಿಯನ್ನು ಬ್ಯಾಂಕಿನವರು ದೃಢೀಕರಿಸಬೇಕು. ನಾಮಿನಿ ಇಲ್ಲದಿದ್ದರೂ ಒಂದು ಕಂಪನಿಯ ಷೇರಿನ ಮೌಲ್ಯ ₹5 ಲಕ್ಷದೊಳಗಿದ್ದರೆ ಕೋರ್ಟಿನ ಉತ್ತರಾಧಿಕಾರ ಪತ್ರ ಸಾಮಾನ್ಯವಾಗಿ ಬೇಕಿಲ್ಲ, ವಾರಸುದಾರರ ಪ್ರಮಾಣಪತ್ರ, ನೋಟರಿ ಅಫಿಡವಿಟ್, ಅಣ್ಣತಮ್ಮ ಅಕ್ಕತಂಗಿಯರ ಒಪ್ಪಿಗೆ ಪತ್ರ ಮುಂತಾದವು ಸಾಕು. ‘ಗುಲ್ಬರ್ಗಾ’ಕ್ಕೆ ಹೆದರಬೇಡಿ, ಊರಿನ ಹೆಸರು ಬದಲಾದದ್ದು 2014ರ ನವೆಂಬರ್ 1ರಂದು, ರಿಜಿಸ್ಟ್ರಾರ್‌ಗಳು ಇಂಥವನ್ನು ಕಂಡಿರುತ್ತಾರೆ. ಕಾಡುವುದು ಅಪ್ಪನ ಹೆಸರಿನ ಇಂಗ್ಲಿಷ್ ಸ್ಪೆಲಿಂಗ್. ಷೇರಿನಲ್ಲಿ ಒಂದು, ಮರಣ ಪ್ರಮಾಣಪತ್ರದಲ್ಲಿ ಇನ್ನೊಂದು ಇದ್ದರೆ ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಮೊದಲ ಲಕೋಟೆಯಲ್ಲೇ ಇಡಿ, ಇಲ್ಲದಿದ್ದರೆ ಅರ್ಜಿ ಒಂದು ಸುತ್ತು ವಾಪಸು ಬರುತ್ತದೆ.

ಮಾರಿದ ಮೇಲಿನ ತೆರಿಗೆಗೆ ಅಪ್ಪ ಕೊಟ್ಟ ಬೆಲೆ ಹುಡುಕುತ್ತಾ ಕೂರಬೇಕಿಲ್ಲ. ಇಷ್ಟು ಹಳೆಯ ಷೇರಿಗೆ ಪೇಟೆಯ 2018ರ ಜನವರಿ 31ರ ಗರಿಷ್ಠ ಬೆಲೆಯನ್ನೇ, ಮಾರಾಟದ ಬೆಲೆ ಮೀರದಂತೆ, ಕೊಂಡ ಬೆಲೆಯಾಗಿ ತೋರಿಸಬಹುದು. ಅದರ ಮೇಲಿನ ಲಾಭದಲ್ಲಿ ವರ್ಷಕ್ಕೆ ₹1.25 ಲಕ್ಷ ಬಿಟ್ಟು ಉಳಿದದ್ದಕ್ಕೆ ಶೇ 12.5. ಸರ್ಟಿಫಿಕೇಟುಗಳು ಹರಿಯುವಂತಿವೆ ಎಂದು ಲ್ಯಾಮಿನೇಷನ್ ಮಾಡಿಸಬೇಡಿ. ಎರಡೂ ಬದಿ ಜೆರಾಕ್ಸ್ ತೆಗೆಸಿಟ್ಟುಕೊಂಡು, ಮೂಲವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಆ ಟ್ರಂಕಿನಲ್ಲೇ ಇಡಿ.